ದೊರೆಗೆ ಬರೆದ ಕ್ಷಮಾಪಣೆ

ಹೊನ್ನೂರಪ್ಪನ ಕೆಲಸ ಕಳೆದವನು ನಾನು. ಗಣಿಯ ಬಿಳಿ ದೊರೆಯಲ್ಲ — ನಾನು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಅವನಿಗೂ ಹೇಳಿಲ್ಲ.

ಆಗ ನಾನು ಹೊಸಪೇಟೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಅಲ್ಲೇ ಚಿತ್ತವಾಡ್ಗಿಯಲ್ಲಿ ನಮ್ಮ ಪಕ್ಕದ ಮನೆ ಹೊನ್ನೂರಪ್ಪನದು. ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಮೇಸ್ತ್ರಿ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಒಂದು ದಿನ ಗಣಿಯಲ್ಲಿ ಬಂಡೆ ಜಾರಿ ಕೂಲಿ ಹೆಂಗಸೊಬ್ಬಳ ಕಾಲು ಮುರಿಯಿತು. "ಎಚ್ಚರಿಕೆ ಕೊಟ್ಟಿದ್ದೆ, ಅವಳೇ ಕೇಳಲಿಲ್ಲ" ಎಂದ ದೊರೆ. ಎಚ್ಚರಿಕೆಯನ್ನು ಯಾರೂ ಕೊಟ್ಟಿರಲಿಲ್ಲ. ಹೊನ್ನೂರಪ್ಪ ಎಲ್ಲರೆದುರಿಗೆ "ದೊರೆ ಸುಳ್ಳುಗಾರ" ಎಂದುಬಿಟ್ಟ. ಆ ಮಾತು ದೊರೆಗೂ ತಿಳಿಯಿತು. ಇಂಗ್ಲಿಷಿನಲ್ಲಿ ಕ್ಷಮಾಪಣೆ ಬರೆಸಿ ತಂದರೆ ಕೆಲಸ, ಇಲ್ಲದಿದ್ದರೆ ಇಲ್ಲ ಎಂದು ಆಜ್ಞೆಯಾಯಿತು.

ಹೆಂಡತಿ ಗಂಗಮ್ಮ ಹಸಿ ಬಾಣಂತಿ. ಅವನು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, "ಹಂಗ ಅಂದದ್ದು ತಪ್ಪಾತು ಅಂತ ಬರೀರಿ ಮೇಷ್ಟ್ರೇ. ತಪ್ಪೇನಲ್ಲ ಖರೆ... ಆದ್ರೂ ಬರೀರಿ" ಎಂದ.

ಬರೆದೆ. 'ಐ ರಿಗ್ರೆಟ್ ಟು ಸೇ ದಟ್ ಯೂ ಆರ್ ಎ ಲೈಯರ್.' ರಿಗ್ರೆಟ್ ಎಂದರೆ ವಿಷಾದ — ಅಷ್ಟು ಸಾಕೆಂದುಕೊಂಡೆ. ಅವನು ಕೆಳಗೆ ಹೆಬ್ಬೆಟ್ಟು ಒತ್ತಿದ.

ದೊರೆ ಓದಿದ್ದೇ ತಡ, ಕಾಗದ ಹರಿದು ಅವನ ಮುಖಕ್ಕೆ ಎಸೆದನಂತೆ. ನನಗೆ ಏಕೆಂದು ತಿಳಿಯಲಿಲ್ಲ — ಅಂದು ನಿಜಕ್ಕೂ ತಿಳಿಯಲಿಲ್ಲ. ಮೂರನೆಯ ದಿನ ತರಗತಿಯಲ್ಲಿ ವ್ಯಾಕರಣದ ಪುಸ್ತಕ ತೆರೆದೆ. ಕ್ರಿಯಾಪದದ ಮೊದಲಿಗೆ 'ಟು' ಬರುವುದೆಲ್ಲಿ, ಕೊನೆಗೆ 'ಇಂಗ್' ಬರುವುದೆಲ್ಲಿ ಎಂಬ ಪಾಠ. ಕೆಲವು ಮಾತುಗಳ ಜೊತೆ ಎರಡೂ ಬರುತ್ತವೆ, ಆದರೆ ಅರ್ಥ ಬೇರೆ. ಆ ಪಟ್ಟಿಯಲ್ಲಿ 'ರಿಗ್ರೆಟ್' ಇತ್ತು. 'ಸೇಯಿಂಗ್' ಎಂದಿದ್ದರೆ, ಸುಳ್ಳುಗಾರರೆಂದು ಹೇಳಿದ್ದಕ್ಕೆ ವಿಷಾದಿಸುತ್ತೇನೆ. 'ಟು ಸೇ' ಎಂದರೆ — ನೀವು ಸುಳ್ಳುಗಾರರೆಂದು ಹೇಳಲು ವಿಷಾದಿಸುತ್ತೇನೆ. ಕ್ಷಮೆ ಕೇಳಹೋದವನ ಕೈಯಲ್ಲಿ ಅದೇ ಬೈಗುಳವನ್ನು ಮತ್ತೊಮ್ಮೆ ಕಳಿಸಿದ್ದೆ. ಪುಸ್ತಕ ಮುಚ್ಚಿ, ಮಕ್ಕಳಿಗೆ ಬೇರೆ ಪಾಠ ತೆಗೆಸಿದೆ.

ಅದೇ ಸಂಜೆ ಅವನು ಬಂದ. "ಇನ್ನೊಂದು ಸಲ ಬರ್ದು ನೋಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಆಗಲೂ ಸಮಯವಿತ್ತು. ತಪ್ಪು ಬರೆದುಕೊಟ್ಟ ನನ್ನದೆಂದು ದೊರೆಗೆ ಎರಡು ಸಾಲು... ಆದರೆ ಪೇಟೆಯೆಲ್ಲ ನನ್ನ ಇಂಗ್ಲಿಷನ್ನು ಹೊಗಳುತ್ತಿತ್ತು. ದೊರೆಯಿಂದ ಹೆಡ್‌ಮಾಸ್ಟರಿಗೆ ಸುದ್ದಿ ಮುಟ್ಟಿದರೆ —

"ಬರೆದು ಉಪಯೋಗವಿಲ್ಲಪ್ಪ, ಅವನ ಮನಸ್ಸು ಕಲ್ಲು" ಎಂದೆ.

ಕೂಸನ್ನೆತ್ತಿಕೊಂಡು ಗಂಡ ಹೆಂಡತಿ ಕಂಪ್ಲಿಗೆ, ಗಂಗಮ್ಮನ ತವರಿಗೆ ಹೋದರು. ಮೇಸ್ತ್ರಿಯಾಗಿದ್ದವನು ಕಬ್ಬು ಕಡಿಯುವ ಕೂಲಿಯಾದ.

ಒಂಬತ್ತು ವರ್ಷವಾದ ಮೇಲೆ, ಹೇಳಲೇಬೇಕೆಂದು ಕಂಪ್ಲಿಗೆ ಹೋದೆ. ಗಂಗಮ್ಮ ಬಿಸಿ ರೊಟ್ಟಿ ಬಡಿಸಿದಳು. "ಅವತ್ತು ಯಾರೂ ಹತ್ರ ಬರಲಿಲ್ರಿ. ನೀವೊಬ್ರೇ ಕಾಗದ ಬರ್ದು ಕೊಟ್ರಿ. ಇವ್ರು ಆಗಿನಿಂದ ಯಾರ ಕೂಡಾನೂ ಹೆಚ್ಚು ಮಾತಾಡಂಗಿಲ್ಲ ನೋಡ್ರಿ" ಎಂದಳು. ಹೊನ್ನೂರಪ್ಪ ಗೋಡೆಗೊರಗಿ ಕೂತಿದ್ದ. ಭಾಳ ಸೊರಗಿದ್ದ. ನಾನು ಬಾಯಿ ತೆರೆದೆ... ಅಷ್ಟರಲ್ಲಿ ಅವನೇ ಕೇಳಿದ:

"ನಾ ಅವತ್ತು ಖರೆ ಮಾತು ಆಡಬಾರದಿತ್ತು. ಹೌದಲ್ರಿ, ಮೇಷ್ಟ್ರೇ?"

ತಲೆಯಾಡಿಸಿದೆ. ಹೌದೆಂದು.