ಹಸಿ ಇದ್ದಲಿ

ಮೈಲಾರಿ ಸತ್ತ ಮೇಲೆ ಕುಲುಮೆ ತಣ್ಣಗೇ ಇತ್ತು. ಅವನು ಕಬ್ಬಿಣ ಬಡಿಯುತ್ತಿದ್ದ, ಹೆಂಡತಿ ಶೇಖವ್ವ ತಿದಿ ಒತ್ತುತ್ತಿದ್ದಳು. ತಿಳವಳ್ಳಿಯ ಮಂದಿ ಅಷ್ಟೇ ಕಂಡದ್ದು. ಕುಂಟೆಯ ಕುಡದ ಅಲಗು ಮೊಂಡಾದವರು ಹಾನಗಲ್ಲ ಬಸ್ಸು ಹತ್ತತೊಡಗಿದರು.

ಬಂದವನು ಚೌಡಪ್ಪ ಒಬ್ಬನೇ. ಕುಡ ಅಂಗಳದಲ್ಲಿಟ್ಟ. "ಮಳಿ ಬೀಳೂದ್ರಾಗ ತಟ್ಟಿ ಕೊಡ್ತಿ ಏನವಾ? ಆಗೂದಿಲ್ಲಂದ್ರ ಹೇಳಿಬಿಡು, ನಾನೂ ಹಾನಗಲ್ಲಿಗೆ ಹೋಗ್ತೇನಿ."

"ಇಟ್ಟು ಹೋಗು."

ಇದೊಂದು ಕೆಟ್ಟರೆ ಮತ್ತೊಬ್ಬ ಬರುವುದಿಲ್ಲ. ಅವಳಿಗೆ ಗೊತ್ತಿತ್ತು.

ಇದ್ದಲಿ ಮಾರುವ ಸವಣೂರಿನ ನಿಯಾಜ ಕೆಲವು ಚೀಲ ತಂದು ಇಳಿಸಿದ. ಕಪ್ಪುಗಂದು ಬಣ್ಣ, ಹಗುರ, ಕೈಗೆ ತಂಪು. "ಲಿಗ್ನೈಟ್ ಅಂತಾರ್ರಿ ಅಕ್ಕಾ. ಹೊಸಾ ಮಾಲು."

ತೊಯ್ದ ಜಾಲಿ ಇದ್ದಲಿ ಒಣಗಿಸುವ ಹಾಗೆ ಶೇಖವ್ವ ಅದನ್ನೂ ಮಾಳಿಗೆ ಮೇಲೆ, ಸಂಡಿಗೆ ಪಕ್ಕ ಹರವಿದಳು. ಬಿಸಿಲಿಗೆ ಅದು ಬಿರಿದು ಬಿರಿದು ಪುಡಿಯಾಯಿತು.

ಪಕ್ಕದ ಮನೆ ಅಡಿವೆವ್ವ ನಕ್ಕಳು. "ಏನಬೇ ಶೇಖಿ, ಯಾವ ಹಿಟ್ಟಿನ ಸಂಡಿಗಿ ಇವು, ಇಷ್ಟು ಕರ್ರಗ?"

"ತಿಂದು ನೋಡು ಬಾ."

ಉಳಿದ ಹೆಂಟೆ ಕುಲುಮೆಗೆ ಹಾಕಿದಳು. ಬರೀ ಹೊಗೆ. ಪಟಾಕಿ ಸುಟ್ಟ ವಾಸನೆ. ಕುಡ ಕೆಂಪಾಗಲೊಲ್ಲದು, ಮೈಗೆಲ್ಲ ಬೂದಿ ಕಿಟ್ಟ ಅಂಟಿತು. ಹೊರಗೆಳೆದುಬಿಟ್ಟಳು. ಗಂಡ ಇದ್ದಿದ್ದರೆ ಬೈಯುತ್ತಿದ್ದ. ಬೈಯಲಿಕ್ಕಾದರೂ ಇರಬೇಕಿತ್ತು.

ನಿಯಾಜನನ್ನು ಕರೆಸಿದಳು. "ಇದರಾಗ ಏನೈತಿ, ಅದನ್ನ ಹೇಳು."

"ಅರ್ಧದ ಹತ್ತರ ನೀರ ಐತ್ರಿ. ಉಳಿದದ್ದು ಇದ್ದಲಿ, ಗಂಧಕ, ಮಣ್ಣು, ಉಸುಕು. ಗಿಡ ನೆಲದಾಗ ಹುಗದು ಕಲ್ಲಿದ್ದಲಿ ಆಗಾಕತ್ತಿತ್ತು. ಪೂರಾ ಆಗಿಲ್ಲ."

ಒಂದು ಹೆಂಟೆ ಒಡೆದ. ಒಳಗೆ ಕಟ್ಟಿಗೆಯ ಎಳೆ ಇನ್ನೂ ಕಾಣುತ್ತಿತ್ತು.

"ಹಂಗಂದ್ರ ಹಸಿ ಐತಿ," ಅಂದಳು. ಬಾಣಂತಿ ಮೈಗೂ ಮಾಯದ ಗಾಯಕ್ಕೂ ಆ ಕಡೆ 'ಹಸಿ' ಅಂತಲೇ ಮಾತು. ಹೆಂಟೆಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದಳು. "ಇದರ ತಪ್ಪಲ್ಲ ಬಿಡು. ನೀರು ಕಾಸಾಕ ಆದೀತು. ಬಿಚ್ಚದ ಚೀಲ ಒಯ್ದು ಜಾಲಿ ಇದ್ದಲಿ ತಂದು ಕೊಡು."

ಪುಡಿಯನ್ನು ಸಗಣಿಯಲ್ಲಿ ಕಲಸಿ ಉಂಡೆ ಕಟ್ಟಿ, ಒಣಗಿಸಿ ಹಿತ್ತಲ ಹಂಡೆಯ ಒಲೆಗೆ ಹಾಕಿದಳು.

ಜಾಲಿ ಇದ್ದಲಿ ಬಂದ ದಿನ ಅಡಿವೆವ್ವನನ್ನು ಕೂಗಿದಳು. "ನಕ್ಕಿದ್ದು ಸಾಕು, ತಿದಿ ಒತ್ತು ಬಾ."

ತಾನು ಮೈಲಾರಿಯ ಜಾಗದಲ್ಲಿ ನಿಂತಳು. ನೆಲದಲ್ಲಿ ಅವನ ಹಿಮ್ಮಡಿಯ ತಗ್ಗು. ಕಾಲು ಅಲ್ಲೇ ಇಟ್ಟಳು. ಕಾದ ಕಬ್ಬಿಣವನ್ನು ಯಾವ ಬಣ್ಣಕ್ಕೆ ತೆಗೆಯಬೇಕೆಂದು ತಿದಿಯ ಹತ್ತಿರ ಕೂತೇ ವರ್ಷಗಟ್ಟಲೆ ನೋಡಿದ್ದಳು. ತೆಗೆದಳು. ಬಡಿದಳು.

ಕುಡ ಒಯ್ಯಲು ಬಂದ ಚೌಡಪ್ಪ ಅಂಚಿಗೆ ಹೆಬ್ಬೆರಳು ಹಚ್ಚಿ ನೋಡಿದ. "ಕುಡಗೋಲೂ ಅದಾವು. ತರ್ಲೇನು?"

"ನಾಳೆ ತಾ. ಈಗ ಜಳಕಾ ಮಾಡಬೇಕು."

ಹಿತ್ತಲಲ್ಲಿ ಹಸಿ ಇದ್ದಲಿ ಹೊಗೆ ಬಿಟ್ಟುಕೊಂಡೇ ಉರಿಯುತ್ತಿತ್ತು. ನೀರು ಕಾದಿತ್ತು.