ಕೂಡಿಕೆಗೆ ಸಾಕ್ಷಿ ಹೇಳಿದ್ದು

ಹೋದ ವಾರ ನಿಮ್ಮಲ್ಲಿ ಹಿರಿಯವಳು ಕಾಲೇಜಿನ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. "ಅಜ್ಜಿ, ಮದುವೆ ಅಂದ್ರೆ ಏನು? ಒಂದೇ ವಾಕ್ಯದಲ್ಲಿ ಹೇಳು ನೋಡೋಣ. ನಮ್ಮ ಮೇಡಂ ಮನೇಲಿ ದೊಡ್ಡವ್ರನ್ನ ಕೇಳ್ಕೊಂಡು ಬನ್ನಿ ಅಂದಿದ್ದಾರೆ" ಎಂದಳು. ನಾನು ಕುಕ್ಕರಿನ ಕಡೆ ತಿರುಗಿಬಿಟ್ಟೆ. ಅಜ್ಜಿಗೆ ನಾಚಿಕೆ ಎಂದು ನೀವೆಲ್ಲ ನಕ್ಕಿರಿ. ನಾಚಿಕೆ ಇರುವುದು ನಿಜ. ಆದರೆ ಇದೇ ಪ್ರಶ್ನೆಯನ್ನು ನನಗೆ ಒಮ್ಮೆ ಕೋರ್ಟಿನಲ್ಲಿ ಕೇಳಿದ್ದರು. ನಾನು ಕೊಟ್ಟ ಉತ್ತರಕ್ಕೆ ನಿಮ್ಮ ದೊಡ್ಡಜ್ಜಿಯ ಮನೆ ಹೋಗಿಯೇಬಿಡುತ್ತಿತ್ತು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನೀವು ದೊಡ್ಡಜ್ಜಿ ಎನ್ನುವ ನನ್ನ ಅಕ್ಕನಿಗೆ ಇಬ್ಬರು ಗಂಡಂದಿರು ಎಂಬುದು ನಿಮಗೆ ಗೊತ್ತಿಲ್ಲ. ಮೊದಲನೆಯವರು ಮದುವೆಯಾದ ಎರಡನೆಯ ವರ್ಷವೇ ಜ್ವರ ಬಂದು ತೀರಿಕೊಂಡರು. ನಮ್ಮೂರಲ್ಲಿ ಗಂಡ ಸತ್ತವಳನ್ನು ಇನ್ನೊಬ್ಬರಿಗೆ ಕೊಡುವ ಪದ್ಧತಿಯಿತ್ತು. ಅದಕ್ಕೆ ಕೂಡಿಕೆ ಎನ್ನುತ್ತಿದ್ದರು. ಚಪ್ಪರವಿಲ್ಲ, ವಾಲಗವಿಲ್ಲ, ಧಾರೆಯಿಲ್ಲ. ಹೊತ್ತು ಮುಳುಗಿದ ಮೇಲೆ ಊರಿನ ಯಜಮಾನರ ಮುಂದೆ ಗಂಡು ಒಂದು ಸೀರೆ ಕೊಡಬೇಕು, ಅವಳು ಅದನ್ನು ಉಟ್ಟು ಬರಬೇಕು, ಮೊದಲೇ ಕೂಡಿಕೆಯಾಗಿದ್ದ ಹೆಂಗಸೊಬ್ಬಳು ತಾಳಿ ಕಟ್ಟಬೇಕು. ಮುತ್ತೈದೆಯರು ಆ ಕಡೆ ತಲೆ ಹಾಕುವಂತಿರಲಿಲ್ಲ. ಲಂಗ ತೊಡುವ ವಯಸ್ಸಿನ ನನಗೂ ಅಲ್ಲಿ ಜಾಗವಿರಲಿಲ್ಲ. ಆದರೆ ಅಕ್ಕ ನನ್ನ ಕೈ ಬಿಡಲಿಲ್ಲ. ಲಾಟೀನು ಹಿಡಿಯಲಾದರೂ ಆಗುತ್ತದೆ ಎಂದು ನನ್ನನ್ನೂ ಕರೆದುಕೊಂಡು ಹೋದರು.

ಅಕ್ಕನನ್ನು ಕೂಡಿಕೆ ಮಾಡಿಕೊಂಡ ಭಾವ ಮೈಸೂರಿನ ಗಿರಣಿಯೊಂದರಲ್ಲಿ ಕೆಲಸದಲ್ಲಿದ್ದರು. ರಾಮಕೃಷ್ಣನಗರದ ಮನೆ ಅವರು ಕಟ್ಟಿಸಿದ್ದು. ಮಕ್ಕಳಾಗಲಿಲ್ಲ. ಅವರು ಹೋದ ಮರುವರ್ಷ ಅವರ ಅಣ್ಣನ ಮಗ ಕೇಸು ಹಾಕಿದ. ಚಿಕ್ಕಪ್ಪನಿಗೆ ಹೆಂಡತಿಯೇ ಇರಲಿಲ್ಲ, ಈಕೆ ಮನೆಗೆಲಸಕ್ಕೆ ಬಂದು ಉಳಿದುಕೊಂಡವಳು, ಮನೆ ಬಿಡಿಸಿಕೊಡಿ ಎಂದು. ಕೂಡಿಕೆಯ ಆ ಸಂಜೆ ಅಲ್ಲಿದ್ದವರಲ್ಲಿ ಬದುಕಿದ್ದವರು ಅಕ್ಕ ಮತ್ತು ನಾನು. ಹಾಗಾಗಿ ಸಾಕ್ಷಿ ನಾನೇ.

ಅಕ್ಕನ ಪರ ವಕೀಲರ ಆಫೀಸು ಚಾಮರಾಜಪುರಂನಲ್ಲಿತ್ತು. "ಅಮ್ಮಾ, ಸುತ್ತಿ ಬಳಸಿ ಮಾತಾಡ್ಬೇಡಿ. ಏನು ಕೇಳಿದ್ರೂ ಮದುವೆ ಆಗಿದೆ ಅನ್ನಿ, ಅಷ್ಟೆ" ಎಂದು ಹೇಳಿ ಕಳಿಸಿದ್ದರು. ಕೋರ್ಟಿಗೆ ಹೋಗುವ ಆಟೋದಲ್ಲಿ ಅಕ್ಕನದೂ ಅದೇ ಪಾಠ.

"ಕೂಡಿಕೆ ಗೀಡಿಕೆ ಅಂತ ಬಾಯಿ ಬುಟ್ಟೀಯ, ಜೋಕೆ. ಮದುವೆ ಅನ್ನು."

"ಹೂಂ ಕಣಕ್ಕ."

"ಹೂಂ ಅನ್ನೋಕೇ ಗಂಟ್ಲು ನಡುಗ್ತದಲ್ಲೇ ನಿಂಗೆ! ಜೋರಾಗಿ ಯೋಳು, ಕಾಗೆ ಓಡ್ಸೋ ಅಂಗೆ."

ನನ್ನ ಭಯ ಜಡ್ಜಿನದಾಗಲಿ ವಕೀಲರದಾಗಲಿ ಅಲ್ಲ. ನಮ್ಮೂರಲ್ಲಿ ಮದುವೆ ಎಂಬುದು ಹೆಣ್ಣಿಗೆ ಒಂದೇ ಸಲ. ಆಮೇಲೆ ಆಗುವುದು ಕೂಡಿಕೆ. ಅಕ್ಕನ ವಿಷಯ ಬಂದಾಗ ನಮ್ಮವ್ವ ಕೂಡ, ಅವಳ ಮದುವೆ ಇಂಥ ಊರಿಗೆ, ಕೂಡಿಕೆ ಇಂಥವರಿಗೆ ಎಂದೇ ಹೇಳುತ್ತಿದ್ದಳು. ಸತ್ಯ ಹೇಳುತ್ತೇನೆ ಎಂದು ಪ್ರಮಾಣ ಮಾಡಿದ ಬಾಯಲ್ಲಿ ಅದನ್ನು ಮದುವೆ ಎನ್ನುವ ಮಾತು ಹೇಗೆ ಹೊರಡುತ್ತದೆ ಎಂಬುದೇ ನನ್ನ ಭಯ.

ಕಟಕಟೆ ಹತ್ತಿದೆ. ಎದುರುಕಡೆ ವಕೀಲರು ಹುಡುಗ ವಯಸ್ಸಿನವರು, ಮಾತು ಬಹಳ ಮೆದು.

"ನಿಮ್ಮ ಮದುವೆಗೆ ಚಪ್ಪರ ಹಾಕಿದ್ರಾ ಅಮ್ಮ?"

"ಹಾಕಿದ್ರು ಸ್ವಾಮಿ."

"ವಾಲಗ?"

"ಇತ್ತು."

"ಧಾರೆ ಎರೆದ್ರಾ?"

"ಎರೆದ್ರು."

"ನಿಮ್ಮ ಅಕ್ಕನಿಗೆ, ಈ ತೀರಿಕೊಂಡವರ ಜೊತೆ, ಇವೆಲ್ಲ ಆಯ್ತಾ?"

"ಇಲ್ಲ."

"ನಿಮ್ಮ ತಾಯಿಯಾದರೂ ಬಂದಿದ್ರಾ?"

"ಮುತ್ತೈದೆಯರು ಬರೋ ಹಾಗಿರಲಿಲ್ಲ ಸ್ವಾಮಿ."

"ಹೆತ್ತ ತಾಯೀನೇ ಬರದ ಮದುವೆ" ಎಂದು ಅವರು ಜಡ್ಜ್ ಮೇಡಂ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮದುವೆ ಅಂದ್ರೆ ಏನು ಅಂತ ನೀವೇ ಹೇಳ್ಬಿಡಿ" ಎಂದರು.

ಟೈಪಿಸ್ಟಿನ ಬೆರಳು ನಿಂತಿತು. ಏನಾದರೂ ಹೇಳಲೇಬೇಕಿತ್ತು. ನನ್ನ ಮದುವೆ ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ.

"ಧಾರೆ ಎರೆಯೋದು…"

"ಆ ಸಂಜೆ ಆಗಿದ್ದಕ್ಕೆ ನಿಮ್ಮೂರಲ್ಲಿ ಏನಂತಾರೆ?"

"ಕೂಡಿಕೆ."

"ಅದು ಮದುವೆಯಾ?"

"ಅಲ್ಲ" ಎಂದೆ.

ಬೆಳಗಿನಿಂದ ಆ ಕೋಣೆಯಲ್ಲಿ ನಾನು ಗಟ್ಟಿಯಾಗಿ ಹೇಳಿದ ಮಾತು ಅದೊಂದೇ. ಬೆಂಚಿನ ಮೇಲಿದ್ದ ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ಅಣ್ಣನ ಮಗ ಪಕ್ಕದವನ ಮೊಣಕೈ ತಿವಿದು ನಕ್ಕ. ಆ ಮನೆಯ ಹಿತ್ತಿಲು, ಭಾವ ನೆಟ್ಟ ಕರಿಬೇವು, ಅಕ್ಕ ಕೂತು ಅಕ್ಕಿ ಆರಿಸುವ ಮೆಟ್ಟಿಲು ಎಲ್ಲ ನನ್ನ ಕಣ್ಣ ಮುಂದೆ ಬಂದವು. ಎಲ್ಲವನ್ನೂ ಒಂದು ಮಾತಿನಲ್ಲಿ ಕಳೆದುಬಿಟ್ಟೆನಲ್ಲ ಎನಿಸಿತು.

ಜಡ್ಜ್ ಮೇಡಂ ಕನ್ನಡಕ ತೆಗೆದು, "ಮದುವೆ ಅಲ್ಲ ಅಂತೀರಿ. ಹಾಗಾದ್ರೆ ಆ ಸಂಜೆಯಿಂದ ನಿಮ್ಮಕ್ಕ ಅವರಿಗೆ ಏನಾದರು?" ಎಂದರು.

"ಹೆಂಡತಿ."

"ಮದುವೆ ಆಗದೆ ಹೆಂಡತಿ ಹೇಗಮ್ಮ ಆಗ್ತಾರೆ?"

"ನಂಗೊತ್ತಿಲ್ಲ ಮೇಡಂ. ಕೂಡಿಕೆಯಾದೋರೂ ಹೆಂಡ್ತೀನೇ."

ಎದುರುಕಡೆ ವಕೀಲರು ಮತ್ತೆ ಎದ್ದರು. "ಹೆಂಡತಿ ಅಂತ ಒಪ್ಕೊಂಡಿದ್ದು ಯಾರು? ಗಂಡನ ಕಡೆಯೋರಲ್ಲಿ ಒಬ್ಬರನ್ನ ತೋರಿಸಿ ನೋಡೋಣ."

ನಾನು ಯೋಚಿಸಿ ಹೇಳಲಿಲ್ಲ ಮಕ್ಕಳೇ. ತೋರಿಸಿ ಎಂದರು, ನಾನು ನೆನಪಾದವರನ್ನು ಹೇಳಿದೆ. "ಭಾವ ಹೋದ ಹನ್ನೊಂದನೇ ದಿನ ಅಕ್ಕನ ಕೈ ತುಂಬ ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಆಮೇಲೆ ಬಳೆ ಒಡೆದು ತಾಳಿ ತೆಗೆದರು" ಎಂದೆ.

"ಯಾರು ತೆಗೆದಿದ್ದು?" ಎಂದು ಜಡ್ಜ್ ಮೇಡಂ ಕೇಳಿದರು.

ಅಣ್ಣನ ಮಗನ ಕಡೆ ಕೈ ತೋರಿಸಿದೆ. "ಇವರ ತಾಯಿ."

ಅವನು ಧಡಕ್ಕನೆ ಎದ್ದು ನಿಂತ. "ಅದು ಶಾಸ್ತ್ರ ಕಣ್ರೀ! ಗಂಡ ಸತ್ತೋಳ್ಗೆ ಮಾಡ್ದೆ ಇರೋಕಾಯ್ತದಾ?"

ಅವನ ವಕೀಲರು ಅಂಗಿ ಹಿಡಿದು ಅವನನ್ನು ಕೂರಿಸಿದರು. ಅವನು ಆಡಿದ ಮಾತನ್ನು ಜಡ್ಜ್ ಮೇಡಂ ನಿಧಾನವಾಗಿ ಟೈಪಿಸ್ಟಿಗೆ ಹೇಳಿ ಬರೆಸಿದರು.

ಆಗಿದ್ದೇನೆಂದು ನನಗೆ ತಿಳಿದದ್ದು ಹೊರಗೆ ಬಂದು ನಮ್ಮ ವಕೀಲರು "ಗಂಡ ಸತ್ತೋಳು ಅಂತ ಅವನ ಬಾಯಲ್ಲೇ ಬಂತಲ್ಲ" ಎಂದು ನಕ್ಕಾಗ. ಅಕ್ಕ ನಗಲಿಲ್ಲ. "ಅಲ್ಲ ಅಂದ್ಬುಟ್ಟಲ್ಲೇ" ಎಂದಳು.

"ಧಾರೆ ಇರ್ಲಿಲ್ವಲ್ಲಕ್ಕ."

"ನಂಗೊತ್ತಿಲ್ವಾ?" ಎಂದವಳು ರಾಮಕೃಷ್ಣನಗರಕ್ಕೆ ಆಟೋ ಕರೆದಳು. ಗೇಟಿನ ಬೀಗ ತೆಗೆದ ಮೇಲೂ ನಾನು ಹೊರಗೇ ನಿಂತಿದ್ದೆ. "ಬಾ ಒಳಕ್ಕೆ, ಬಿಸಿಲಲ್ಲಿ ನಿಂತು ಯಾರನ್ನ ಕಾಯ್ತೀಯ" ಎಂದಳು.

ತೀರ್ಪು ಬರಲು ತಿಂಗಳುಗಳೇ ಹಿಡಿದವು. ಅಷ್ಟು ದಿನವೂ ಫೋನು ಬಡಿದುಕೊಂಡರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಕೊನೆಗೆ ವಕೀಲರು ಕರೆಸಿ ಓದಿ ಹೇಳಿದರು. ಇವರ ಮದುವೆ ಊರ ಪದ್ಧತಿಯಂತೆ ನಡೆದ ಮದುವೆ, ಇವರು ಕಾನೂನುಬದ್ಧ ಪತ್ನಿ, ಮನೆ ಇವರದೇ. ನಾನು ಅಲ್ಲೇ ಅತ್ತುಬಿಟ್ಟೆ. ಅಕ್ಕ ಮಾತ್ರ ಕುರ್ಚಿಯಿಂದ ಮುಂದಕ್ಕೆ ಬಗ್ಗಿ, "ಕೊನೇಗೆ ಕೂಡಿಕೆ ಅಂತ ಬರ್ದಿಲ್ವಾ ಸ್ವಾಮಿ?" ಎಂದಳು.

"ಇಲ್ಲಮ್ಮ, ಮದುವೆ ಅಂತಾನೇ ಇದೆ. ನಮಗೆ ಬೇಕಾಗಿದ್ದು ಅದೇ ಅಲ್ವಾ?"

ಅಕ್ಕ ಹೂಂ ಎಂದಳು. ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದುಕೊಂಡಳು. "ಅವರ ಜತೆ ಕೂಡಿಕೆಯೋಳು ಅನ್ನಿಸ್ಕೊಂಡೇ ಬಾಳ್ದೆ ಕಣೆ. ಅಂಗಂದೋರ ಮುಂದೇನೇ ತಲೆ ಎತ್ಕೊಂಡು ತಿರುಗ್ದೆ. ಈಗ ಅದು ಕೂಡಿಕೇನೇ ಅಲ್ಲ ಅಂದ್ರೆ, ಆ ಸಂಜೆ ನೀನು ಲಾಟೀನು ಹಿಡ್ದಿದ್ದು ಯಾವುದಕ್ಕೆ?"

ಕೊನೆಯ ಮೆಟ್ಟಿಲು ಇಳಿದ ಮೇಲೂ ಅವಳು ಕೈ ಬಿಡಲಿಲ್ಲ. ಇಬ್ಬರೂ ಹಾಗೆಯೇ ಆಟೋ ಹುಡುಕಿದೆವು.