ಇಲಿ ಬಿದ್ದ ಮನೆ

ಎಪ್ಪತ್ತರ ದಶಕದ ಮಾತು. ಬ್ರೂಸ್‌ಪೇಟೆಯ ನಮ್ಮ ಅಡುಗೆಮನೆಯಲ್ಲಿ ಒಂದು ಇಲಿ ಸತ್ತು ಬಿದ್ದಿತ್ತು. ನೆಲ್ಲಿನ ಚೀಲ ಕಡಿಯುತ್ತವೆಂದು ನಮ್ಮ ಯಜಮಾನರೇ ಪಾಷಾಣ ಇಟ್ಟಿದ್ದರು. ನಾನು ಅದರ ಬಾಲ ಹಿಡಿದು ಎಸೆಯಲು ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಇಲಿ ಬಿತ್ತು. ಮಕ್ಕಳ್ನ ಕರಕೊಂಡು ಕುರುಗೋಡಿನ ಹೊಲಕ್ಕ ನಡೀರಿ."

ಕುರುಗೋಡು ಅವರ ತವರು. ಇಲಿ ಬಿದ್ದರೆ ಮನೆ ಬಿಡುವುದು ಅವರ ಕಾಲದ ಪದ್ಧತಿ. ಹಡಗಿನಲ್ಲಿ ಬೊಂಬಾಯಿ ಬಂದರಿಗೆ ಇಳಿದ ಪ್ಲೇಗು ರೈಲು ಹತ್ತಿ ನಮ್ಮ ಸೀಮೆಗೂ ಬಂದಿತ್ತು. ಆ ಬಂದರಿನಲ್ಲಿ ಮೂಟೆ ಹೊರಲು ಹೋಗಿದ್ದ ಅತ್ತೆಯ ಅಪ್ಪ ಜ್ವರದಲ್ಲೇ ಊರಿಗೆ ಬಂದು ಸತ್ತರು. ಆಮೇಲೆ ಮನೆಯಲ್ಲಿ ಇಲಿ ಬಿದ್ದವು, ಅವ್ವನ ತೊಡೆಸಂದಿನಲ್ಲಿ ಗಡ್ಡೆ ಎದ್ದಿತು. ಊರವರು ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ ಆ ತಾಯಿ ಒಂದು ಕೊಡ ನೀರಿಟ್ಟುಕೊಂಡು ಒಳಗೇ ಉಳಿದಳು. ಹೊರಗಿನಿಂದ ಚಿಲಕ ಹಾಕಲು ತಾನೇ ಹೇಳಿದಳಂತೆ. ಇದನ್ನೆಲ್ಲ ಅತ್ತೆ ಸೊಪ್ಪು ಸೋಸುತ್ತ ಹೇಳುತ್ತಿದ್ದರು, ಅಳುತ್ತಿರಲಿಲ್ಲ.

"ಅವ್ವಾ, ಅದು ಪಾಷಾಣ ತಿಂದು ಸತ್ತೈತಿ. ಪಿಳೇಗು ಈಗೆಲ್ಲೈತಿ?" ಎಂದು ಯಜಮಾನರು ನಕ್ಕರು. ನಮ್ಮ ಮನೆಯ ಗಂಡಸರಿಗೆ ನಕ್ಕುಬಿಟ್ಟರೆ ಮಾತು ಮುಗಿದಂತೆ.

ಅದಕ್ಕೂ ಮುಂಚೆಯೇ ಅತ್ತೆಯ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿ ಕೀವು ಕಟ್ಟಿತ್ತು. ದವಾಖಾನೆ ಬೇಡ, ಅರಿಶಿನ ಸಾಕು ಎಂದಿದ್ದರು. ಇಲಿ ಬಿದ್ದ ಮೇಲೆ ನಮ್ಮಿಂದ ದೂರ ಕೂತು, ಬೇರೆ ತಾಟಿನಲ್ಲಿ ಉಣ್ಣತೊಡಗಿದರು. ಮಾತು ಕೇಳಲಿಲ್ಲವೆಂದು ಮುನಿಸಿಕೊಂಡಿದ್ದಾರೆ ಎಂದುಕೊಂಡೆವು. ಅವರಿಗೆ ಜ್ವರ ಬಂದದ್ದು, ಮುಳ್ಳಿನ ನಂಜು ಏರಿ ತೊಡೆಸಂದಿನಲ್ಲಿ ಗಡ್ಡೆ ಕಟ್ಟಿದ್ದು ನಮಗೆ ಗೊತ್ತೇ ಇರಲಿಲ್ಲ. ಆ ಗಡ್ಡೆ ಅವರಿಗೆ ಪ್ಲೇಗಲ್ಲದೆ ಬೇರೇನಾಗಿ ಕಂಡೀತು? ಒಂದು ಬೆಳಿಗ್ಗೆ ಕೊಡ ನೀರು ತೆಗೆದುಕೊಂಡು ನೆಲ್ಲಿನ ಕೋಣೆ ಸೇರಿ ಒಳಗಿನಿಂದ ಅಗಳಿ ಹಾಕಿಕೊಂಡರು.

"ಅತ್ತೀ, ಬಾಗ್ಲಾ ತೆಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಬಡಿದೆ.

"ನನಗ ಗಡ್ಡಿ ಎದ್ದೈತಿ. ಹೊರಗಿಂದ ಚಿಲಕ ಹಾಕಾಕ ನಿಮಗ ಮನಸ್ಸು ಬರಂಗಿಲ್ಲ, ಅದಕ್ಕ ನಾನ ಹಾಕ್ಕೊಂಡೀನಿ. ಹೊಲಕ್ಕ ಹೋಗ್ರಿ."

ಯಜಮಾನರು ಬೇಡಿಕೊಂಡರು, ಬೈದರು, ಬಾಗಿಲಿಗೆ ಒದ್ದರು. ತೇಗದ ಬಾಗಿಲು ಅಲುಗಲಿಲ್ಲ. ಬಡಗಿಯನ್ನು ಹುಡುಕಿ ತರುವಷ್ಟರಲ್ಲಿ ಸಂಜೆಯಾಗಿತ್ತು, ಒಳಗಿನ ಮಾತೂ ನಿಂತಿತ್ತು.

ಬಾಗಿಲು ಮುರಿಸಿ, ಅರೆಪ್ರಜ್ಞೆಯಲ್ಲಿದ್ದ ಅವರನ್ನು ಹೊತ್ತೊಯ್ದೆವು. ದವಾಖಾನೆಯಲ್ಲಿ ಡಾಕ್ಟರು ಹಿಮ್ಮಡಿ ನೋಡಿದರು. "ನಂಜು ರಕ್ತಕ್ಕ ಏರೈತಿ. ಮೊದ್ಲ ಕರಕೊಂಡು ಬಂದಿದ್ರ ಇಂಜೆಕ್ಷನ್ನಿಗೆ ಇಳೀತಿತ್ತು," ಎಂದರು. ಆ ಮಾತು ಕೇಳಿ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ.

"ಅತ್ತೀ, ಇದು ಪಿಳೇಗಲ್ರೀ, ಮುಳ್ಳಿನ ನಂಜು," ಎಂದು ಕಿವಿಯ ಹತ್ತಿರ ಹೇಳಿದೆ. ಅವರು ನಂಬಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಮುಟ್ಟಬ್ಯಾಡ ತಂಗೀ. ನಿನಗ ಸಣ್ಣ ಮಕ್ಕಳದಾವ."

ನಾನು ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲು ಒಂದೆರಡು ಸಲ ಎಳೆದರು. ಆಮೇಲೆ ಎಳೆಯಲಿಲ್ಲ.